ಒಲೆ ಕಾಯುವ ಮನೆತನದ ಬೀಗರು

ಡೆಟ್ರಾಯಿಟ್ ಕಡೆ ಬಂದಾಗಿನಿಂದ ಸಿಕ್ಕಿದವರನ್ನೆಲ್ಲ ‘ನಿಮ್ಮ ಮನೆತನದ ಹೆಸರಿಗೆ ಏನರ್ಥ?’ ಅಂತ ಕೇಳುವುದು ನನ್ನ ಚಟ. ಕೇಳಿದಾಗಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಒಂದು ಸಲವಂತೂ ಮಗಳ ಮದುವೆಯೇ ತೂಗುಯ್ಯಾಲೆಯಲ್ಲಿ ಕೂತುಬಿಟ್ಟಿತ್ತು. ಈಗ ರಿಟೈರಾಗಿದ್ದೇನೆ, ಇದನ್ನೆಲ್ಲ ಯಾರಿಗಾದರೂ ಹೇಳದಿದ್ದರೆ ಊಟ ಸೇರುವುದಿಲ್ಲ.

೧. ಕ್ಯಾಂಟೀನಿನಲ್ಲಿ

ತೊಂಬತ್ತರ ದಶಕದ ಕೊನೆ. ಕಾರಿನ ಬ್ರೇಕು ಮಾಡುವ ಕಂಪನಿಯಲ್ಲಿ ನನ್ನ ಪಕ್ಕದ ಕ್ಯೂಬಿಕಲ್‌ನವರು ಫ್ರೆಂಚ್ ಮೂಲದ ಫೂರ್ನಿಯೆ. ಬ್ರೇಕಿನ ವಿಷಯದಲ್ಲಿ ಅಂಥ ಬುದ್ಧಿವಂತರನ್ನು ನಾನು ಕಂಡಿಲ್ಲ. ಹೆಸರಿನ ಅರ್ಥ ಕೇಳಿದರೆ, “ಅರ್ಥವೇ? ಅದು ಬರೀ ಹೆಸರು” ಅಂದರು.

ನನಗೆ ತಡೆಯಲಿಲ್ಲ. ಲೈಬ್ರರಿಗೆ ಹೋಗಿ ಹುಡುಕಿದೆ. ಹಳೇ ಕಾಲದ ಫ್ರಾನ್ಸಿನಲ್ಲಿ ಊರಿಗೆಲ್ಲ ಒಂದು ದೊಡ್ಡ ಒಲೆ. ಮನೆಮನೆಯವರು ಹಿಟ್ಟು ಕಲಸಿ ತಂದು ಅಲ್ಲೇ ಬ್ರೆಡ್ ಸುಡಿಸಿಕೊಳ್ಳಬೇಕು. ಆ ಒಲೆ ನೋಡಿಕೊಳ್ಳುವವನೇ ಫೂರ್ನಿಯೆ!

“ನಿಮ್ಮ ಹಿರೀಕರು ಇಡೀ ಊರಿನ ಹೊಟ್ಟೆ ತುಂಬಿಸಿದವರು!” ಅಂದೆ ಮರುದಿನ ಕ್ಯಾಂಟೀನಿನಲ್ಲಿ.

ಅವರು ಕೈಲಿದ್ದ ಸ್ಯಾಂಡ್‌ವಿಚ್ ನೋಡಿಕೊಂಡು, “ಇದನ್ನೂ ನನ್ನ ಹೆಂಡತಿಯೇ ಮಾಡಿಕೊಟ್ಟಿದ್ದು” ಅಂದರು.

೨. ಡಾಕ್ಟರ ಮೊಳೆ

ಚಿಕಾಗೋ ಹತ್ತಿರ ಪ್ಲೇನ್‌ಫೀಲ್ಡ್‌ನಲ್ಲಿ ಧಾರವಾಡದ ಗೆಳೆಯರೊಬ್ಬರಿದ್ದಾರೆ. ಹೃದಯದ ಸರ್ಜನ್, ಅಡ್ಡಹೆಸರು ಬಡಿಗೇರ. ಅವರಿಗೆ ಒಲೆಯ ಕಥೆ ಹೇಳಿದೆ.

“ಥೇಟ್ ನಮ್ಮಂಗ ಆತಲ್ರೀ! ನಮ್ಮ ಮುತ್ತಜ್ಜ ಮಾಡಿದ ತೊಟ್ಟಲಾ ಇನ್ನೂ ಗಟ್ಟಿ ಐತಿ, ತೋರಸ್ತೀನಿ ತಡೀರಿ” ಅಂತ ಅದರ ಫೋಟೋ ತಂದು, ಅದೇ ಹುರುಪಿನಲ್ಲಿ ಗೋಡೆಗೆ ಮೊಳೆ ಹೊಡೆದರು. ಗೋಡೆ ದೊಡ್ಡದಾಗಿ ಬಾಯಿಬಿಟ್ಟಿತು.

ಒಳಗಿಂದ ಅವರ ಹೆಂಡತಿ: “ಎದಿ ಕೊಯ್ದರ ಹೊಲೀತೀರಿ. ಗ್ವಾಡಿ ಹೊಲಿಯಾಕ ಬರ್ತದೇನು?”

೩. ಅಮ್ಮನ ವಿಚಾರಣೆ

ಕೆಲವು ವರ್ಷ ಕಳೆದ ಮೇಲೆ ನನ್ನ ಮಗಳು ಫೂರ್ನಿಯೆ ಅವರ ಮಗನನ್ನೇ ಮದುವೆಯಾಗುತ್ತೇನೆ ಅಂದಳು. ಕಂಪನಿ ಪಿಕ್‌ನಿಕ್‌ನಲ್ಲಿ ಶುರುವಾದ ಸ್ನೇಹ. ನಮಗೇನೋ ಸಂತೋಷವೇ. ಆದರೆ ಅವಳದ್ದು ಒಂದೇ ಹಠ: “ಅಜ್ಜಿ ಹೂಂ ಅನ್ನದೆ ನಾನು ಮಾಡ್ಕೊಳ್ಳಲ್ಲ.”

ಮೈಸೂರಿನಿಂದ ಬಂದಿದ್ದ ಅಮ್ಮ ಕೇಳಿದರು: “ಯಾವ ಮನೆತನ?”

ನಾನು ಒಲೆಯ ಕಥೆ ಹೇಳಿದೆ. ಅಮ್ಮನ ಮುಖ ಅರಳಿತು. “ಅಂದ್ರೆ ಅಡುಗೆಯವರು!”

“ಅಲ್ಲಮ್ಮ, ಅದು ನೂರಾರು ವರ್ಷದ ಹಿಂದಿನ ಮಾತು. ಈಗ ಅವರು ಇಂಜಿನಿಯರು…”

“ಕೈರುಚಿ ಎಲ್ಲಿಗೆ ಹೋಗುತ್ತೋ? ಹುಡುಗನ ಅಪ್ಪ ಬಂದು ನನ್ನೆದುರಿಗೆ ಒಂದು ಒಬ್ಬಟ್ಟು ತಟ್ಟಲಿ. ಆಮೇಲೆ ಮಾತು.”

ಫೋನ್ ಮಾಡಿ ವಿಷಯ ತಿಳಿಸಿದೆ. ಫೂರ್ನಿಯೆ ಕೇಳಿದ್ದು ಒಂದೇ ಪ್ರಶ್ನೆ: “ಒಬ್ಬಟ್ಟಿಗೆ ಡ್ರಾಯಿಂಗ್ ಇದೆಯಾ?”

೪. ಪರೀಕ್ಷೆ

ಆ ಚಳಿಗಾಲವೆಲ್ಲ ನನ್ನ ಹೆಂಡತಿ ಅಮ್ಮನಿಗೆ ‘ಮಾಲ್‌ಗೆ ಹೋಗ್ಬರ್ತೀನಿ’ ಅಂತ ಹೇಳಿ, ಹಿಮದಲ್ಲಿ ಡ್ರೈವ್ ಮಾಡಿಕೊಂಡು ಹೋಗಿ ಫೂರ್ನಿಯೆ ಅವರಿಗೆ ಒಬ್ಬಟ್ಟಿನ ಪಾಠ ಮಾಡಿದಳು. ಪರೀಕ್ಷೆಯ ದಿನ ಫೂರ್ನಿಯೆ ಟೈ ಕಟ್ಟಿಕೊಂಡು ಬಂದರು. ನಮ್ಮ ಒಲೆಯ ಮುಂದೆ ನಿಂತರು. ಹೂರಣ ಹೊರಗೆ ಬಂತು, ಕಣಕ ಒಳಗೆ ಹೋಯಿತು. ಕಾವಲಿ ತಾಗಿ ಬೆರಳು ಚುರ್ರೆಂದಿತು. ಆ ಮಹಾನುಭಾವರು ಉಸಿರೆತ್ತದೆ ತಟ್ಟಿಯೇ ತಟ್ಟಿದರು. ಕೊನೆಗೆ ತಟ್ಟೆಗೆ ಬಂದದ್ದು ಸಾಕ್ಷಾತ್ ಬ್ರೇಕ್ ಪ್ಯಾಡು.

ಮಗಳು ಅಜ್ಜಿಯ ಪಕ್ಕದಲ್ಲೇ ನಿಂತಿದ್ದಳು. ಅಮ್ಮ ಒಂದು ಚೂರು ಮುರಿದು, ಬಾಯಲ್ಲಿ ಬಹಳ ಹೊತ್ತು ಹೊರಳಾಡಿಸಿ, ನುಂಗಿ, ನೀರು ಕುಡಿದು ನನ್ನ ಕಡೆ ತಿರುಗಿದರು.

“ಇವರು ಅಡುಗೆಯವರಲ್ಲ ಕಣೋ.”

ಮಗಳ ಕಣ್ಣು ತುಂಬಿತು.

“ಅಡುಗೆ ಬರದೇ ಇದ್ರೂ ಮಗನಿಗೋಸ್ಕರ ಕೈ ಸುಟ್ಕೊಂಡು ನಿಂತಿದಾರಲ್ಲೋ! ನಿಮ್ಮಪ್ಪ ನಿನ್ನ ಮದುವೇಲಿ ಎಲೆ ಮುಂದಿಂದ ಏಳಲೂ ಇಲ್ಲ. ಇಂಥ ಬೀಗರು ಎಲ್ಲಿ ಸಿಕ್ತಾರೆ? ಮುಹೂರ್ತ ಇಡಿಸು.”

ಮಗಳು ಅಜ್ಜಿಯ ಕೊರಳಿಗೆ ಜೋತುಬಿದ್ದಳು. ಫೂರ್ನಿಯೆ ಸುಟ್ಟ ಬೆರಳಿಗೆ ಉಫ್ ಉಫ್ ಅಂತ ಊದುತ್ತ “ಏನಂದರು, ಏನಂದರು?” ಅಂತ ನನ್ನ ತೋಳು ಅಲ್ಲಾಡಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಮೆಲ್ಲಗೆ ಸೇರಿಸಿದರು:

“ಅಡುಗೆಗೆ ಮಾತ್ರ ಬೇರೆಯವರಿಗೆ ಹೇಳು.”