ಲಾರಿಗೆ ತುಂಬಿದ ಉಡಿ

ಧಾರಾವಿಯ ಚಾಳಿನ ಮುಂದೆ ಅಣವೀರಪ್ಪ ಲಾರಿಯ ಡೀಸೆಲ್ ಟ್ಯಾಂಕನ್ನು ಬಿಚ್ಚಿ ಇಳಿಸಿ, ಅಳುವ ಕೂಸನ್ನು ತೂಗಿದಂತೆ ಅತ್ತಿತ್ತ ತೂಗುತ್ತಿದ್ದ. ಬೋರಲು ಹಾಕಿದರೆ ತುಕ್ಕು, ಕರೀ ರಾಡಿ. ಮತ್ತೇನೋ ಒಂದು ಒಳಗೇ ಮೆತ್ತಗೆ ಉರುಳುತ್ತಿತ್ತು, ಹೊರಗೆ ಬರಲೊಲ್ಲದು.

ಹೆಂಡತಿ ಮಲ್ಲವ್ವ ತವರಿಗೆ ಹೋದಾಗಿನಿಂದ ಈ ಲಾರಿ ಹಾದಿಯಲ್ಲಿ ನಿಲ್ಲತೊಡಗಿತ್ತು. ಬಾಂದ್ರಾದಲ್ಲಿ ನಿಂತು, ಹಿಂದಿನವರೆಲ್ಲ ಬೈದು ಮುಗಿಸುವತನಕ ಕಾದು, ಮತ್ತೆ ಏನೂ ಆಗದವರ ಹಾಗೆ ಚಾಲೂ ಆಗುತ್ತಿತ್ತು. "ಹೆಂಡ್ತಿ ಮುನಿದ್ಲಂತ ಲಾರೀನೂ ಮುನಿದೈತಲ್ಲೋ!" ಎಂದು ಚಾಳೆಲ್ಲ ನಗುತ್ತಿತ್ತು. ನಗುವವರಿಗೇನು. ಚೊಚ್ಚಲ ಕೂಸು ಹುಟ್ಟುತ್ತಲೇ ಕಣ್ಣು ಮುಚ್ಚಿದ ದಿನ ಅವನು ನಾಸಿಕದ ಹಾದಿಯಲ್ಲಿದ್ದ. ತಿರುಗಿ ಬಂದಾಗ ಮಲ್ಲವ್ವ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೈಯಲ್ಲಿ ಕಸುವು ಬಂದೊಡನೆ ಊರ ಗಾಡಿ ಹತ್ತಿದಳು.

ಅವಳಿಗೆಂದು ಬರೆದ ಪತ್ರ ಲಾರಿಯೊಳಗೆ ಸಿದ್ಧೇಶ್ವರನ ಪಟದ ಹಿಂದೆ ಹಳೆಯದಾಗುತ್ತಿತ್ತು. 'ಲಾರಿ ಈಗ ಎಲ್ಲಿಯೂ ನಿಲ್ಲುವುದಿಲ್ಲ. ಹೊತ್ತಿಗೆ ಸರಿಯಾಗಿ ಮನೆಯಲ್ಲಿರುತ್ತೇನೆ. ಬಾ.' ಸುಳ್ಳು ಹೇಳಿ ಕರೆಯಲು ಮನಸ್ಸೊಪ್ಪದೆ, ಅದು ನಿಜವಾದ ದಿನ ಟಪಾಲು ಡಬ್ಬಿಗೆ ಹಾಕೋಣವೆಂದು ಇಟ್ಟಿದ್ದ.

ನಿಜವಾಗಲು ಇವತ್ತೊಂದೇ ದಿನ ಉಳಿದಿತ್ತು. ಮಧ್ಯಾಹ್ನದೊಳಗೆ ಚರ್ಮದ ಮಾಲು ಬಂದರಿಗೆ ಹೊರಡದಿದ್ದರೆ ಕೀಲಿ ಬೇರೆಯವರಿಗೆ ಎಂದು ಲಾರಿಯ ಮಾಲೀಕ ಸೇಠ್ ಹೇಳಿಬಿಟ್ಟಿದ್ದ.

"ಹೀಗೆ ಕುಲುಕಿದ್ರೆ ಹೋಗ್ತದಾ ಮಾರಾಯ್ರೆ?" ಎನ್ನುತ್ತ ಪಕ್ಕದ ಖೋಲಿಯ ಸದಾನಂದ ಬಂದ. ಫೋರ್ಟಿನ ಉಡುಪಿ ಹೋಟೆಲಿನ ಅಡುಗೆಯವನು. ಇವತ್ತು ರಜೆ, ಕೈ ತುರಿಸುತ್ತಿತ್ತು. "ಸಾಂಬಾರಿನ ಹಂಡೆ ತಳ ಹತ್ತಿದ್ರೆ ನಾವೆಂತ ಮಾಡೋದು? ಬಿಸಿನೀರು, ಸೋಡಾ!"

"ಬ್ಯಾಡೋ ಯಪ್ಪಾ! ಡೀಸೆಲ್ಲಿಗೆ ನೀರಂದ್ರ ವಿಷ..."

ಅಷ್ಟರಲ್ಲಿ ಸದಾನಂದನ ಬಿಸಿನೀರಿನ ಕೊಡ ಟ್ಯಾಂಕಿನೊಳಗೆ ಬೋರಲಾಗಿತ್ತು.

ಅಣವೀರಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ಇನ್ನು ಟ್ಯಾಂಕು ಹನಿ ಇಲ್ಲದಂತೆ ಒಣಗಬೇಕು. ಎದುರು ಖೋಲಿಯ ರುಕ್ಮಿಣಿಬಾಯಿ, "ಹಂಚಿನ ಮ್ಯಾಲ ಇಡೋ ತಮ್ಮಾ, ನನ್ನ ಹಪ್ಪಳ ಅಲ್ಲೇ ಲಗೂ ಒಣಗತಾವು" ಎಂದಳು.

ನೀರಿನಿಂದ ಒಂದು ಉಪಕಾರವಾಯಿತು. ಒಳಗಿನದು ಬಾಯಿಯತನಕ ಸರಿದು ಬಂತು. ತಂತಿಯ ಕೊಕ್ಕೆ ಹಾಕಿ ಎಳೆದರೆ ಕರಿಹಿಡಿದ ಬಟ್ಟೆಯ ಗಂಟು. ಬಿಚ್ಚಿದರೆ ಅಕ್ಕಿ, ಅರಿಶಿನದ ಕೊಂಬು, ಅಡಿಕೆ.

"ಮಾಟ! ಯಾರೋ ಮಾಡ್ಸಿದ್ದಾರೆ!" ಸದಾನಂದ ಹಿಂದಕ್ಕೆ ಹಾರಿದ.

ರುಕ್ಮಿಣಿಬಾಯಿ ಬಟ್ಟೆಯ ಅಂಚನ್ನು ಉಜ್ಜಿ ನೋಡಿದಳು. "ಮಾಟ ಅಲ್ಲೋ ಮೂಳಾ, ಉಡಿ! ಇದು ಮಲ್ಲವ್ವ ಬಸುರಿದ್ದಾಗ ಕುಬಸಕ್ಕ ತವರಿನವರು ತಂದ ಕುಪ್ಪಸದ ಖಣ."

"ಟ್ಯಾಂಕಿನ್ಯಾಗ ಯಾಕ ಬಂತು ಅಕ್ಕಾರ?" ಅಣವೀರಪ್ಪ ಖಣವನ್ನು ಅವಳ ಕೈಯಿಂದ ತೆಗೆದುಕೊಂಡ.

"ಹೊಂಟ ದಿನ ಉಡಿ ತುಂಬತೀನಿ ಬಾರವಾ ಅಂದೆ. ಒಲ್ಲೆ ಅಂದ್ಲು. 'ನನ್ನ ಉಡಿ ಬರಿದಾತು ಅಕ್ಕಾ. ದಿನಾ ನನ್ನ ಗಂಡನ್ನ ಕರಕೊಂಡು ಹೋಗಾಕಿ ಈ ಲಾರಿ. ಇಕಿ ಉಡಿಯರ ತುಂಬಿರಲಿ, ಹೊಳ್ಳಿ ಮನಿಗಿ ತಂದು ಬಿಡಲಿ' ಅಂದ್ಲು. ಎಲ್ಲಿ ತುಂಬಿದ್ಲಂತ ನಾ ಕೇಳ್ಲಿಲ್ಲಪಾ. ಲಾರಿಗಿ ಉಡಿ ಎಲ್ಲಿರತೈತಿ? ಇದ್ದದ್ದೊಂದು ಹೊಟ್ಟಿ."

ಆ ಗಂಟೇ ಪೈಪಿನ ಬಾಯಿಗೆ ಕೂತು ಲಾರಿಯನ್ನು ನಿಲ್ಲಿಸುತ್ತಿತ್ತು. ನಿಂತಾಗ ಪಕ್ಕಕ್ಕೆ ಸರಿಯುತ್ತಿತ್ತು. ಬೈಯಲು ಬಾಯಿ ತೆರೆದ ಅಣವೀರಪ್ಪ ಖಣವನ್ನು ಹಿಂಡಿ, ಮಡಿಚಿ, ಅಂಗಿಯ ಕಿಸೆಯಲ್ಲಿಟ್ಟುಕೊಂಡ. ಅಂಗಿಯ ಎದೆ ಕಪ್ಪಾಯಿತು.

ಟ್ಯಾಂಕು ಹಂಚಿನ ಮೇಲೆ ಒಣಗಿತು, ತಿರುಗಿ ಲಾರಿಗೆ ಕೂತಿತು. ಪೈಪಿನ ಗಾಳಿ ತೆಗೆದು ಕೀಲಿ ತಿರುಗಿಸಿದರೆ ಎಂಜಿನ್ನು ಹೊಸ ಅಳಿಯನ ಹಾಗೆ ಗತ್ತಿನಿಂದ ಗುಡುಗಿತು. ಆದರೆ ಹೊತ್ತು ಆಗಲೇ ವಾಲಿತ್ತು. ಅಂಗಳಕ್ಕೆ ದೂಜ ಬಂದ. ಅವನೂ ಡ್ರೈವರನೇ, ಗೆಳೆಯನೇ. ಮುಖ ಮೇಲೆತ್ತಲಿಲ್ಲ.

"ಸೇಠ್ ಕಳಿಸಿದ್ದು ಅಣ್ಣ. ನಾನೆಂತ ಮಾಡ್ಲಿ?"

ಅಣವೀರಪ್ಪ ಇಳಿದ. ದೂಜ ಒಳಗೆ ಕೂತು, ಸಿದ್ಧೇಶ್ವರನ ಪಟವನ್ನೂ ಅದರ ಹಿಂದಿನ ಪತ್ರವನ್ನೂ ಕಿಟಕಿಯಿಂದ ಚಾಚಿದ.

ದೊಡ್ಡ ರಸ್ತೆಯ ಟಪಾಲು ಡಬ್ಬಿಯ ಮುಂದೆ ನಿಂತು ಅಣವೀರಪ್ಪ ಪತ್ರ ಬಿಚ್ಚಿ ಓದಿಕೊಂಡ. ಲಾರಿ ಎಲ್ಲಿಯೂ ನಿಲ್ಲುವುದಿಲ್ಲ. ಖರೆ. ಹೊತ್ತಿಗೆ ಸರಿಯಾಗಿ ಮನೆಯಲ್ಲಿರುತ್ತೇನೆ. ಇನ್ನು ಮೂರು ಹೊತ್ತೂ ಮನೆಯಲ್ಲೇ, ಅದೂ ಖರೆ. ತಿದ್ದಲು ಒಂದಕ್ಷರವೂ ಇರಲಿಲ್ಲ. ಅಂಚಿಗೆ ನಾಲಿಗೆ ಹಚ್ಚಿ ಮುಚ್ಚಿದ. ಬಾಯೆಲ್ಲ ಡೀಸೆಲ್ ಆಯಿತು.

ಮಾಲು ಹೇರಿಕೊಂಡ ಅವನ ಲಾರಿ ಮುಂದಿನಿಂದಲೇ ಹಾದುಹೋಯಿತು. ನಿಲ್ಲಲಿಲ್ಲ.

ಅವನು ಪತ್ರವನ್ನು ಡಬ್ಬಿಯೊಳಗೆ ಬಿಟ್ಟ.