ಮಡಿವಾಳೆಪ್ಪನ ಜಾಮ್ ಬಾಟಲಿ

ಬೆಳಿಗ್ಗೆ ಎಂಟೂವರೆ. ನವಲಗುಂದದ ಮಡಿವಾಳೆಪ್ಪ ಬಿಸಿ ರೊಟ್ಟಿಯ ಮುಂದೆ ಕೂತು ಕಪಾಟಿನಿಂದ ಸ್ಟ್ರಾಬೆರಿ ಜಾಮಿನ ಬಾಟಲಿ ತೆಗೆದ. ಹಿಂದಿನ ಸಂಜೆ ಅದರೊಳಗಿನ ಜಾಮನ್ನು ಸ್ಟೀಲ್ ಡಬ್ಬಿಗೆ ಸುರಿದು ಜೋಳದ ಚೀಲದ ಹಿಂದೆ ಅಡಗಿಸಿ, ಬಾಟಲಿಗೆ ರಂಜಕ ತುಂಬಿದ್ದ. ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ, ಕೈತುಂಬ ಉಪ್ಪು ಹಾಕಿ ಅರೆದ ರಂಜಕ. ಬಣ್ಣ ಎರಡಕ್ಕೂ ಹೆಚ್ಚುಕಡಿಮೆ ಒಂದೇ.

ಕಿಡ್ನಿ ಸೋತಿದೆಯೆಂದು ಹುಬ್ಬಳ್ಳಿಯ ಡಾಕ್ಟರು ಉಪ್ಪು ಬಿಡಿಸಿ ತಿಂಗಳಾಗಿತ್ತು. ಸಪ್ಪೆ ಪಲ್ಲೆ ಅವನಿಗೆ ನೆನೆಸಿಟ್ಟ ಜಮಖಾನ ಅಗಿದಂತಾಗುತ್ತಿತ್ತು.

ಮುಚ್ಚಳ ತಿರುಗಿಸುವಷ್ಟರಲ್ಲಿ ಬಾಜು ಮನೆಯ ಪುಂಡಲೀಕ ಎಳನೀರು ಹಿಡಿದು ಬಂದ.

“ಏನೋ ಇದು? ಕಿಡ್ನಿ ಮಂದಿ ಜಾಮ್ ತಿಂತಾರೇನು?”

“ತಿಂತಾರ.”

ಹೆಪ್ಪು ಕೇಳಲು ಬಂದ ಎದುರು ಮನೆಯ ಖಾಸಿಂಬಿ ಹೊಸ್ತಿಲಲ್ಲೇ ನಿಂತಳು. “ಕಾಕಾ, ಒಂದೀಟು ರುಚಿ ನೋಡ್ತೇನ್ರಿ.”

ಬಸ್ಸಿನಲ್ಲಿ ಕೋಳಿ ಬಚ್ಚಿಟ್ಟವನಂತೆ ಮಡಿವಾಳೆಪ್ಪ ಬಾಟಲಿಯನ್ನು ಬಗಲಿಗೆ ಸೇರಿಸಿದ. “ಔಷಧಿ ಇದು. ಮಂದಿಗೆ ಕೊಡೂದಲ್ಲ.”

“ಔಷಧಿ ಆದ್ರ ಕೇಳೇ ಬಿಡೂಣು,” ಎಂದು ಪುಂಡಲೀಕ ಅವನ ಫೋನಿನಿಂದಲೇ ಆಸ್ಪತ್ರೆಯ ಪಥ್ಯದ ಮೇಡಂ ಶೈಲಶ್ರೀಗೆ ಹಚ್ಚಿ, ಸ್ಪೀಕರ್ ಹಾಕಿ, ಜಾಮ್ ನಡೀತೈತೇನು ಎಂದು ಕೇಳಿದ.

“ಸಕ್ಕರಿ ಕಾಯಿಲೆ ಇಲ್ಲಲ್ರಿ ಅವರಿಗೆ? ಸ್ಟ್ರಾಬೆರಿ ಜಾಮ್ ಒಂದು ಚಮಚ ನಡೀತೈತ್ರಿ. ಉಪ್ಪಿನಕಾಯಿ, ರಂಜಕ ಮುಟ್ಟಬಾರದು. ಎಳನೀರಂತೂ ಬ್ಯಾಡ್ರಿ, ಪೊಟ್ಯಾಶಿಯಂ ಏರತೈತಿ.”

ಪುಂಡಲೀಕ ಎಳನೀರನ್ನು ಬೆನ್ನ ಹಿಂದೆ ಸರಿಸಿದ.

“ಕೇಳಿದ್ಯಲ್ಲ? ಇನ್ನ ನಡಿ,” ಎಂದ ಮಡಿವಾಳೆಪ್ಪ.

“ನೀ ತಿಂದು ತೋರ್ಸು, ಹೋಗ್ತೀನಿ.”

ತಿನ್ನಲು ಅವನಿಗೇನೂ ಅಡ್ಡಿಯಿರಲಿಲ್ಲ. ಕಣ್ಣಲ್ಲಿ ನೀರು ಬಾರದಂತೆ ನೋಡಿಕೊಂಡರೆ ಸಾಕಿತ್ತು. ಅಷ್ಟರಲ್ಲಿ ಹೆಂಡತಿ ಮಹಾದೇವಕ್ಕ ಒಳಗಿನಿಂದ ಚಮಚ ತಂದು, ಬಾಟಲಿ ಇಸಿದುಕೊಂಡು, ತಾನೇ ರೊಟ್ಟಿಗೆ ಹಚ್ಚಿದಳು. ಅವನು ಕಣ್ಣು ಮುಚ್ಚಿ, ಹಲ್ಲು ಬಿಗಿದು ತಯಾರಾಗಿ, ದೊಡ್ಡ ತುತ್ತನ್ನೇ ಬಾಯಿಗಿಟ್ಟ.

ಸಿಹಿ.

ಕಣ್ಣು ಬಿಟ್ಟಾಗ ಒಲೆಯ ಬಾಜು ಕಂಡದ್ದು ಅದೇ ಸ್ಟೀಲ್ ಡಬ್ಬಿ. ತೊಳೆದು ಬೋರಲು ಹಾಕಿತ್ತು.

“ಹೆಂಗೈತ್ರಿ?” ಎಂದಳು ಮಹಾದೇವಕ್ಕ.

“ಜಾಮ್ ಇದ್ದಂಗೈತಿ.”

ಹೆಪ್ಪು ಇಸಿದುಕೊಂಡು ಹೊರಟ ಖಾಸಿಂಬಿ ತಿರುಗಿ ನೋಡಿದಳು. “ಅಕ್ಕಾ, ಮುಂಜಾನೆ ಕೊಟ್ಟ ರಂಜಕ ಅಗದಿ ಚಲೋ ಐತ್ರಿ. ಇನ್ನಷ್ಟು ಐತೇನು?”

“ಇಲ್ಲವಾ, ಎಲ್ಲಾ ನಿನಗೇ ಕೊಟ್ಟೇನಿ.”

ಮರುದಿನವೂ ಮಡಿವಾಳೆಪ್ಪ ರೊಟ್ಟಿಗೆ ಒಂದು ಚಮಚ ಜಾಮ್ ಹಚ್ಚಿಕೊಂಡು ತಿಂದ. ಪುಂಡಲೀಕ ನೋಡಲು ಬಂದಿದ್ದ.