ಅರಬ್ಬೀ ಸಮುದ್ರದ ಎಮ್ಮೆ

ಮೀನಿನ ವಿಷಯದಲ್ಲಿ ನಮ್ಮ ಸೋದರಮಾವನನ್ನು ಮೀರಿಸುವವರು ಗುಬ್ಬಿ ತಾಲ್ಲೂಕಿನಲ್ಲೇ ಇಲ್ಲ. ಆದರೆ ಅವರು ಮೀನು ಮುಟ್ಟಿದವರೂ ಅಲ್ಲ, ತಿಂದವರೂ ಅಲ್ಲ! ದೋಣಿ ಹತ್ತಿದರೆ ವಾಂತಿ, ಮೀನು ಮಾರ್ಕೆಟ್ಟಿಗೆ ಕಾಲಿಟ್ಟರೆ ತಲೆಸುತ್ತು. ಇಂಥ ಮಹಾನುಭಾವರಿಗೆ ಮಂಗಳೂರಿನಲ್ಲಿ ಸಮುದ್ರ ಸಂಶೋಧನೆಯ ಕೆಲಸ ಕೊಟ್ಟವರ ಹೊಟ್ಟೆ ತಣ್ಣಗಿರಲಿ.

ಕೆಲಸವೇನು ಅಂತೀರಾ? ಸಮುದ್ರದ ನೀರನ್ನು ಬಾಟಲಿಗೆ ತುಂಬಿಸಿ, ಅದರಲ್ಲಿರುವ ಡಿಎನ್‌ಎ ಹುಡುಕಿ, ಅಲ್ಲಿ ಯಾವ ಮೀನು ಓಡಾಡಿದೆ, ಯಾವುದು ಕಾಣೆಯಾಗಿದೆ ಎಂದು ಹೇಳುವುದು. ನಮ್ಮ ಗುಬ್ಬಿ ತಾಲ್ಲೂಕಿನ ಕಡಬದ ಮನೆಯ ಜಗಲಿಯಲ್ಲಿ ಕೂತು ಇದನ್ನು ತಮ್ಮ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ವಿವರಿಸಿದರು.

"ಮೀನಿನ ಲೋಳೆ, ಉಚ್ಚೆ, ಎಲ್ಲಾದ್ರಲ್ಲೂ ಅದರ ಗುರುತು ಇರುತ್ತೆ ಕಣವ್ವ."

"ಮೀನು ಉಚ್ಚೆ ಹುಯ್ದಿದ್ದು ನೋಡೋಕೂ ಸಂಬಳ ಕೊಡ್ತಾರೇನ್ಲಾ? ಪುಣ್ಯಾತ್ಮರು!"

ಕುಣಿಗಲ್‌ನ ಮದುವೆಯೊಂದಕ್ಕೂ ಆ ಬಾಟಲಿಗಳ ಡಬ್ಬ ಹೊತ್ತು ಬಂದಿದ್ದರು. ಬಾಯಾರಿದ ಬೀಗರೊಬ್ಬರು ಕೈ ಹಾಕಿದರು ನೋಡಿ, ಮಾವ ಕಿರುಚಿಕೊಂಡರು: "ಮುಟ್ಬೇಡಿ! ಹತ್ರ ಬಂದು ಸೀನಿದ್ರೂ ಸಮುದ್ರದಲ್ಲಿ ನೀವೇ ಸಿಗ್ತೀರಾ!" ಪಾಪ, ಬೀಗರು ತಾಳಿ ಕಟ್ಟುವವರೆಗೂ ಮೂಗು ಹಿಡಿದೇ ಕೂತಿದ್ದರು.

ಈ ಸಲ ಪ್ರಾಜೆಕ್ಟ್ ಮುಂದುವರಿಯುವುದೇ ಆ ಡಬ್ಬದ ಮೇಲೆ ನಿಂತಿತ್ತು. ಬೆಂಗಳೂರಿನ ಲ್ಯಾಬಿಗೆ ಒಯ್ಯುವ ದಾರಿಯಲ್ಲಿ ಮಾವ ಕಡಬಕ್ಕೆ ಬಂದು, ಊಟ ಮಾಡಿ, ಒಂದು ನಿದ್ದೆ ತೆಗೆದು ಹೋದರು. ಕೆಲವು ವಾರಗಳ ನಂತರ ಮಾವನಿಗೆ ಅವರ ಸಾಹೇಬರ ಫೋನು. "ಏನ್ರೀ ಇದು? ನಿಮ್ಮ ಅರಬ್ಬೀ ಸಮುದ್ರದಲ್ಲಿ ಎಮ್ಮೆ ಇದೆ! ಜೊತೆಗೆ ಕೆರೆ ಕೊರವ ಮೀನು ಬೇರೆ!"

ಮಾವ ಕಡಬಕ್ಕೆ ಓಡಿ ಬಂದರು. ತುಮಕೂರಿನಿಂದ ಹೋಗಿದ್ದ ನಾನೂ ಅಲ್ಲೇ ಇದ್ದೆ.

"ಅವ್ವ, ಡಬ್ಬ ಮುಟ್ಟಿದ್ಯಾ?"

"ಮುಟ್ದೆ ಕಣಪ್ಪ. ಸಮುದ್ರದ ನೀರು ತೀರ್ಥ ಅಲ್ವಾ? ಒಂದ್ ಬೊಗಸೆ ತಲೆ ಮ್ಯಾಲೆ ಹಾಕ್ಕಂಡೆ. ಕಮ್ಮಿ ಆದ್ರೆ ನಿನ್ ಸಾಹೇಬ್ರು ಬಯ್ತಾರೆ ಅಂತ ಎಮ್ಮೆಗಿಟ್ಟಿದ್ದ ಕೆರೆ ನೀರು ತುಂಬ್ಸಿ, ಮುಚ್ಚಳ ಬಿಗಿ ಮಾಡಿಟ್ಟೆ."

"ಒಂದೇ ಬಾಟಲಿ ತಾನೇ?"

"ನನಗೊಬ್ಳಿಗೇ ಪುಣ್ಯ ಬಂದ್ರೆ ಸಾಕೇನ್ಲಾ? ಮನೆಯೋರ ಹೆಸ್ರಿಗೆಲ್ಲ ಒಂದೊಂದ್ ಬಾಟ್ಲಿದು!"

ನಾನು ಬಿದ್ದು ಬಿದ್ದು ನಕ್ಕೆ. ಮಾವ ನಗಲಿಲ್ಲ. ಹೊರಗೆ ಹೋಗಿ ಸಾಹೇಬರಿಗೆ ಫೋನು ಮಾಡಿದರು. "ತಪ್ಪು ನಂದೇ ಸರ್. ಬಾಟಲಿ ತೊಳೆಯೋದ್ರಲ್ಲಿ ಎಡವಟ್ಟು ಮಾಡ್ದೆ. ಮತ್ತೆ ದೋಣೀಲಿ ಹೋಗಿ ತರ್ತೀನಿ." ಆ ಕಡೆಯಿಂದ ಬಹಳ ಹೊತ್ತು ಬೈಗುಳ ಬಂತು.

ನನಗೆ ತಡೆಯಲಾಗಲಿಲ್ಲ. "ಅಜ್ಜಿ ತಪ್ಪನ್ನ ನೀವ್ಯಾಕೆ ಮೈಮೇಲೆ ಹಾಕ್ಕೊಂಡ್ರಿ ಮಾವ? ಕೆಲಸ ಹೋದ್ರೆ?"

"ಇಪ್ಪತ್ತು ವರ್ಷದಿಂದ ಸಮುದ್ರದ ಪಕ್ಕದಲ್ಲೇ ಮನೆ ಮಾಡ್ಕೊಂಡಿದೀನಿ ಕಣೋ," ಎಂದರು ಮಾವ. "ಅವ್ವ ಇನ್ನೂ ಸಮುದ್ರ ನೋಡಿಲ್ಲ. ತಪ್ಪು ಯಾರದು, ನೀನೇ ಹೇಳು."

ಕಣ್ಣೊರೆಸಿಕೊಂಡು ಒಳಗೆ ಹೋದವರು, ಅಜ್ಜಿಯ ಸೀರೆಗಳನ್ನು ತಮ್ಮ ಬ್ಯಾಗಿಗೆ ತುಂಬತೊಡಗಿದರು.